ಎರಡು ದಿನದ ಹೈದರಾಬಾದ್ ಪ್ರವಾಸ: ಮೊದಲು ವಾಪಸ್ ಸೀಟು ಹಿಡಿಯಿರಿ

ಓದುಗರ ಪ್ರಶ್ನೆ:

ಸರ್, ನಾವು ರಾಯಚೂರಿನವರು. ನಾನು ಪ್ರೈಮರಿ ಸ್ಕೂಲ್ ಟೀಚರ್. ಈ ಶನಿವಾರ ನನಗೂ ಮಕ್ಕಳಿಗೂ ರಜೆ ಸಿಕ್ಕಿದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೈದರಾಬಾದ್‌ಗೆ ಹೋಗಿಬರೋಣ ಅಂತ ಮಾತಾಯಿತು. ನಾನು, ನಮ್ಮ ಮನೆಯವರು, 11 ವರ್ಷದ ಮಗ, 7 ವರ್ಷದ ಮಗಳು, ಜೊತೆಗೆ ಮೊಣಕಾಲು ನೋವಿರುವ ನಮ್ಮ ಅತ್ತೆ. ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ಮ್ಯೂಸಿಯಂ, ಜೂ, ಹುಸೇನ್ ಸಾಗರ, ರಾಮೋಜಿ ಫಿಲ್ಮ್ ಸಿಟಿ ಎಲ್ಲ ನೋಡಬೇಕು ಅಂತ ಮಕ್ಕಳ ಆಸೆ. ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಒಂದು ದಿನ ಉಳಿಯುತ್ತದೆ ಅಂತಾರೆ ನಮ್ಮ ಮನೆಯವರು. ವಾಪಸ್ ಬರಲು ಭಾನುವಾರ ರಾತ್ರಿ ರೈಲಿಗೆ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಸಿದ್ದಾರೆ, ಪಿಕ್ಯುಡಬ್ಲ್ಯುಎಲ್ 22 ಅಂತ ಇದೆ. ಕ್ಲಿಯರ್ ಆಗುತ್ತೆ, ಆಗದಿದ್ದರೆ ಟಿಟಿಗೆ ಫೈನ್ ಕಟ್ಟಿ ಕೂತರಾಯ್ತು ಅಂತ ಅವರ ಸ್ನೇಹಿತರು ಹೇಳಿದರಂತೆ. ರೂಮು ಅಲ್ಲಿಗೇ ಹೋಗಿ ಚೌಕಾಸಿ ಮಾಡಿದರೆ ಅಗ್ಗ ಅಂತ ಪಕ್ಕದ ಮನೆಯವರು. ಮೈದುನ ತನ್ನ ಗೆಳೆಯನ ಕಾರು ಕಡಿಮೆ ಬಾಡಿಗೆಗೆ ಕೊಡಿಸ್ತೀನಿ ಅಂತಾನೆ. ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ, ಅದು ಹೈದರಾಬಾದ್‌ವರೆಗೂ ನಡೆಯುತ್ತದಾ? ಸೋಮವಾರ ನಾನು ಸ್ಕೂಲಿಗೆ ಹೋಗಲೇಬೇಕು. ಇಷ್ಟು ಅವಸರದಲ್ಲಿ ಹೊರಡೋದೇ ತಪ್ಪಾ?

ಉತ್ತರ:

ತಪ್ಪೇನಿಲ್ಲ, ಖಂಡಿತ ಹೋಗಿಬನ್ನಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರಸ್ತೆಯಲ್ಲಿ 200 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಬಸ್ಸಿನಲ್ಲಿ ಸುಮಾರು ಐದು ಗಂಟೆ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಿಮ್ಮ ಅತ್ತೆಯವರ ಕಾಲದವರಿಗೆ ಆ ಊರು ಹೊಸದೇನಲ್ಲ, ಭಾಷೆಯ ತೊಂದರೆಯೂ ಇರಲಿಕ್ಕಿಲ್ಲ.

ನಿಮಗಿರುವ ಚಿಂತೆ ಎರಡು. ಸೋಮವಾರ ಹೊತ್ತಿಗೆ ಸರಿಯಾಗಿ ಊರಲ್ಲಿರಬೇಕು, ಅತ್ತೆಯವರು ನೋವು ಪಡಬಾರದು. ಈ ಎರಡನ್ನೂ ಇಟ್ಟುಕೊಂಡೇ ಪ್ಲಾನ್ ಮಾಡೋಣ. ನಾನು ರಾಯಚೂರಿನಲ್ಲಿ ಬಹಳ ವರ್ಷಗಳಿಂದ ಟಿಕೆಟ್ ಮತ್ತು ಟೂರ್ ಕೆಲಸ ಮಾಡುತ್ತಿದ್ದೇನೆ. ಅವಸರದ ಪ್ರವಾಸಗಳು ಕೆಡುವುದು ಹೆಚ್ಚಾಗಿ ವಾಪಸ್ ಬರುವಾಗ. ಹೋಗುವಾಗ ಎಲ್ಲರಿಗೂ ಹುರುಪು ಇರುತ್ತದೆ, ಬಸ್ ತಪ್ಪಿದರೆ ಇನ್ನೊಂದು ಹತ್ತುತ್ತಾರೆ. ಭಾನುವಾರ ಸಂಜೆ ಹಾಗಲ್ಲ. ವಾರದ ಕೊನೆಗೆ ಹೋದವರೆಲ್ಲ ಅದೇ ಮೂರು ನಾಲ್ಕು ಗಂಟೆಗಳಲ್ಲಿ ವಾಪಸ್ ಹೊರಡುತ್ತಾರೆ. ಅದಕ್ಕೇ ನಮ್ಮ ಕೌಂಟರಿಗೆ ಬಂದವರಿಗೆ ನಾನು ಮೊದಲು ಹೇಳುವುದು ಇದು: ವಾಪಸ್ ಸೀಟು ಮೊದಲು ಹಿಡಿಯಿರಿ, ಆಮೇಲೆ ಹೋಗುವುದು, ಆಮೇಲೆ ರೂಮು. ನೋಡುವ ಜಾಗಗಳ ಪಟ್ಟಿ ಕೊನೆಗೆ.

ಹಾಗಾಗಿ ಆ ಪಿಕ್ಯುಡಬ್ಲ್ಯುಎಲ್ 22 ಟಿಕೆಟ್ಟಿನ ವಿಚಾರ ಮೊದಲು ನೋಡೋಣ. ವೇಯ್ಟಿಂಗ್ ಅಂದರೆ ಎಲ್ಲ ಒಂದೇ ಅಂತ ಜನ ತಿಳಿದಿರುತ್ತಾರೆ. ಹಾಗಿಲ್ಲ. ರೈಲು ಹೊರಡುವ ಊರಿನಿಂದ ಕೊನೆಯ ಊರಿನವರೆಗೆ ಹೋಗುವವರಿಗೆ ಇರುವುದು ಜನರಲ್ ಕೋಟಾ. ಸೀಟು ಜಾಸ್ತಿ ಇರುವುದು, ಕ್ಯಾನ್ಸಲ್ ಜಾಸ್ತಿ ಆಗುವುದು ಅಲ್ಲೇ. ರಾಯಚೂರು ದಾರಿ ನಡುವಿನ ಸ್ಟೇಷನ್. ಸಿಕಂದರಾಬಾದ್‌ನಲ್ಲಿ ಹತ್ತಿ ರಾಯಚೂರಿನಲ್ಲಿ ಇಳಿಯುವ ನಿಮ್ಮಂಥವರಿಗೆ ಪೂಲ್ಡ್ ಕೋಟಾ, ಪಿಕ್ಯುಡಬ್ಲ್ಯುಎಲ್ ಅಂದರೆ ಅದರ ವೇಯ್ಟಿಂಗ್ ಲಿಸ್ಟ್. ನಡುದಾರಿಯ ಎಷ್ಟೋ ಊರುಗಳಿಗೆ ಸೇರಿಸಿ ಇರುವ ಸಣ್ಣ ಕೋಟಾ ಅದು. ಅದರಲ್ಲಿರುವವರೇ ಕ್ಯಾನ್ಸಲ್ ಮಾಡಿದರೆ ಮಾತ್ರ ನಿಮ್ಮ ನಂಬರ್ ಮುಂದೆ ಸರಿಯುತ್ತದೆ. ಭಾನುವಾರದ ರೈಲಿಗೆ, ಅದೂ ಐದು ಜನಕ್ಕೆ, 22ರಿಂದ ಕನ್ಫರ್ಮ್ ಆಗುತ್ತದೆ ಅಂತ ನಂಬಿ ಕೂರಬೇಡಿ.

ಫೈನ್ ಕಟ್ಟಿ ಕೂತರಾಯ್ತು ಅನ್ನುವ ಮಾತಂತೂ ಬೇಡವೇ ಬೇಡ. ಆನ್‌ಲೈನ್‌ನಲ್ಲಿ ತೆಗೆಸಿದ ಟಿಕೆಟ್, ಸೀಟುಗಳ ಕೊನೆಯ ಪಟ್ಟಿ ಅಂದರೆ ಚಾರ್ಟ್ ಆದ ಮೇಲೂ ಪೂರ್ತಿ ವೇಯ್ಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಸಣ್ಣ ಮೊತ್ತ ಹಿಡಿದು ಉಳಿದ ದುಡ್ಡು ಖಾತೆಗೆ ವಾಪಸ್ ಬರುತ್ತದೆ. ಅಂದರೆ ರೈಲು ಹತ್ತುವಾಗ ನಿಮ್ಮ ಕೈಯಲ್ಲಿ ಟಿಕೆಟ್ಟೇ ಇರುವುದಿಲ್ಲ. ಟಿಟಿ ಕಣ್ಣಿಗೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕರು. ಪೂರ್ತಿ ದರದ ಜೊತೆ ತಲೆಗೆ ಕನಿಷ್ಠ 250 ರೂಪಾಯಿ ದಂಡ, ಮೇಲೆ ಮುಂದಿನ ಸ್ಟೇಷನ್‌ನಲ್ಲಿ ಇಳಿಸುವ ಅಧಿಕಾರವೂ ಅವರಿಗಿದೆ. ಮೊದಲೆಲ್ಲ ಸ್ವಲ್ಪ ನೋಡೀ ನೋಡದ ಹಾಗೆ ಬಿಡುತ್ತಿದ್ದರು. 2025ರಿಂದ ಬಿಗಿ ಮಾಡಿದ್ದಾರೆ. ಮೊಣಕಾಲು ನೋವಿನವರನ್ನೂ ನಿದ್ದೆಗಣ್ಣಿನ ಮಗುವನ್ನೂ ಕರೆದುಕೊಂಡು ನಡುರಾತ್ರಿ ಇಂಥ ವಾದಕ್ಕೆ ನಿಲ್ಲುವುದು ಯಾಕೆ?

ತತ್ಕಾಲ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ನಿಮ್ಮ ಲೆಕ್ಕಕ್ಕೆ ಅದು ಸರಿಹೊಂದುವುದಿಲ್ಲ. ರೈಲು ಹೊರಡುವ ಹಿಂದಿನ ದಿನ ಬೆಳಿಗ್ಗೆ ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಬುಕಿಂಗ್ ತೆರೆಯುತ್ತದೆ. ಭಾನುವಾರದ ರೈಲಿಗೆ ಅಂದರೆ ಶನಿವಾರ ಬೆಳಿಗ್ಗೆ. ಆ ಹೊತ್ತಿಗೆ ನೀವು ಬಸ್ಸಿನಲ್ಲಿ, ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತಿರುತ್ತದೆ. 2025ರ ಜುಲೈನಿಂದ ಆಧಾರ್ ದೃಢೀಕರಿಸಿದ ಖಾತೆ ಬೇಕು, ಓಟಿಪಿ ಬರಬೇಕು. ನಮ್ಮಂಥ ಏಜೆಂಟರು ಮೊದಲ ಅರ್ಧ ಗಂಟೆ ಬುಕ್ ಮಾಡುವಂತೆಯೇ ಇಲ್ಲ. ಯಾರಾದರೂ ಏಜೆಂಟರು ‘ತತ್ಕಾಲ್ ಗ್ಯಾರಂಟಿ ಕೊಡಿಸ್ತೀನಿ’ ಅಂದರೆ ಅಂಥವರಿಂದ ದೂರ ಇರಿ. ಇನ್ನೊಂದು ವಿಷಯ ಬಹಳ ಜನಕ್ಕೆ ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ: ಒಂದು ತತ್ಕಾಲ್ ಟಿಕೆಟ್ಟಿನಲ್ಲಿ ನಾಲ್ಕೇ ಜನ. ನೀವು ಐದು. ನಾಲ್ವರಿಗೆ ಸೀಟು ಸಿಕ್ಕು ಒಬ್ಬರಿಗೆ ಸಿಗದಿದ್ದರೆ ಏನು ಮಾಡುತ್ತೀರಿ? ಕನ್ಫರ್ಮ್ ಆದ ತತ್ಕಾಲ್ ಕ್ಯಾನ್ಸಲ್ ಮಾಡಿದರೆ ದುಡ್ಡೂ ವಾಪಸ್ ಬರುವುದಿಲ್ಲ.

ಕಾಚಿಗುಡ–ರಾಯಚೂರು ಡೆಮು ಪ್ಯಾಸೆಂಜರ್ ರೈಲನ್ನೂ ಕೆಲವರು ಹೇಳಬಹುದು. ದೇವರಕದ್ರದಿಂದ ಕೃಷ್ಣಾವರೆಗಿನ ಹೊಸ ಮಾರ್ಗ ಮುಗಿದ ಮೇಲೆ, 2023ರ ಅಕ್ಟೋಬರ್ 1ರಂದು ಅದಕ್ಕೆ ಚಾಲನೆ ಸಿಕ್ಕಿತು.  ಒಳ್ಳೆಯ ಅನುಕೂಲ, ದರವೂ ಕಡಿಮೆ. ಆದರೆ ಸೀಟು ಕಾಯ್ದಿರಿಸಲು ಬರುವುದಿಲ್ಲ, ಸಣ್ಣ ಸ್ಟೇಷನ್‌ಗಳಲ್ಲೆಲ್ಲ ನಿಲ್ಲುತ್ತದೆ. ಒಬ್ಬರೇ ಹೋಗುವವರಿಗೆ, ಕಾಲೇಜು ಹುಡುಗರಿಗೆ ಸರಿ. ನಿಮ್ಮ ಅತ್ತೆಯವರಿಗೆ ಕೂರಲು ಜಾಗ ಸಿಗುತ್ತದೋ ಇಲ್ಲವೋ ಅನ್ನುವ ಅನುಮಾನದಲ್ಲಿ ಹೊರಡುವುದು ಬೇಡ.

ಹಾಗಾದರೆ ನನ್ನ ಸಲಹೆ ಬಸ್. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೂ ಇವೆ, ತೆಲಂಗಾಣ ಸಾರಿಗೆಯ ಬಸ್ಸೂ ಇವೆ. ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ, ಜಡಚರ್ಲ ಮೇಲೆ ಹೋಗುತ್ತವೆ. ಜಡಚರ್ಲದಿಂದ ಮುಂದೆ 44ನೇ ರಾಷ್ಟ್ರೀಯ ಹೆದ್ದಾರಿ, ರಸ್ತೆ ಚೆನ್ನಾಗಿದೆ. ಸೀಟು ನಂಬರ್ ಸಿಗುವ ಬಸ್ಸನ್ನೇ ನೋಡಿ ಭಾನುವಾರದ ವಾಪಸ್ ಟಿಕೆಟ್ ಇವತ್ತೇ ಬುಕ್ ಮಾಡಿ. ಹೈದರಾಬಾದ್‌ನಿಂದ ಮಧ್ಯಾಹ್ನ ಎರಡು ಮೂರರ ಒಳಗೆ ಹೊರಡುವ ಬಸ್ ಆಗಿರಲಿ. ರಾತ್ರಿ ಎಂಟರ ಹೊತ್ತಿಗೆ ರಾಯಚೂರಿನಲ್ಲಿರುತ್ತೀರಿ. ಟ್ರಾಫಿಕ್‌ನಿಂದ ಒಂದು ಗಂಟೆ ತಡವಾದರೂ ಸೋಮವಾರದ ಸ್ಕೂಲಿಗೆ ಏನೂ ಆಗುವುದಿಲ್ಲ. ಸಂಜೆ ಆರರ ಬಸ್ ಹಿಡಿದರೆ ಮೂರು ಗಂಟೆ ಜಾಸ್ತಿ ಸಿಗುತ್ತದೆ ನಿಜ, ಆದರೆ ಊರು ಮುಟ್ಟುವಷ್ಟರಲ್ಲಿ ನಡುರಾತ್ರಿ ಆಗುತ್ತದೆ.

ಶಕ್ತಿ ಯೋಜನೆಯ ಬಗ್ಗೆ ಕೇಳಿದ್ದೀರಿ. ಅದು ಕರ್ನಾಟಕದೊಳಗಿನ ಪ್ರಯಾಣಕ್ಕೆ. ಹೈದರಾಬಾದ್ ಟಿಕೆಟ್ಟಿಗೆ ನಡೆಯುವುದಿಲ್ಲ, ದುಡ್ಡು ಕೊಡಲೇಬೇಕು. ತೆಲಂಗಾಣದಲ್ಲೂ ಮಹಿಳೆಯರಿಗೆ ಉಚಿತ ಬಸ್ ಇದೆ, 2023ರ ಡಿಸೆಂಬರ್‌ನಿಂದ. ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಅಲ್ಲಿನ ಸಿಟಿ ಬಸ್ಸಿನಲ್ಲಿ ನಿಮ್ಮ ಆಧಾರ್ ತೋರಿಸಿದರೂ ಟಿಕೆಟ್ ತೆಗೆಯಲೇಬೇಕು.

ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಒಂದು ದಿನ ಉಳಿಯುತ್ತದೆ ಅನ್ನುವ ಮಾತು ಬೆಂಗಳೂರಿಗೆ ಸರಿ. ರಾತ್ರಿಯಿಡೀ ಪ್ರಯಾಣ, ಬೆಳಿಗ್ಗೆ ಆರಕ್ಕೆ ಇಳಿಯುತ್ತೀರಿ. ಹೈದರಾಬಾದ್ ಅದಕ್ಕೆ ತೀರಾ ಹತ್ತಿರವಾಯಿತು. ರಾತ್ರಿ ಹನ್ನೊಂದಕ್ಕೆ ಹತ್ತಿದರೆ ನಸುಕಿನ ನಾಲ್ಕಕ್ಕೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿಸುತ್ತಾರೆ. ಹೋಟೆಲ್‌ಗಳು ರೂಮು ಕೊಡುವುದು ಮಧ್ಯಾಹ್ನ 12ಕ್ಕೋ 2ಕ್ಕೋ. ಮೆಟ್ರೋ ಶುರುವಾಗುವುದು ಬೆಳಿಗ್ಗೆ ಆರರ ಸುಮಾರಿಗೆ. ನೋಡುವ ಜಾಗಗಳಲ್ಲಿ ಹೆಚ್ಚಿನವು ಒಂಬತ್ತು ಹತ್ತಕ್ಕೆ ಮೊದಲು ತೆರೆಯುವುದಿಲ್ಲ. ಅಂದರೆ ಐದಾರು ಗಂಟೆ ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ. ಇಲ್ಲದಿದ್ದರೆ ಮುಂಚೆ ರೂಮು ಕೊಟ್ಟಿದ್ದಕ್ಕೆ ಅರ್ಧ ದಿನದ ಬಾಡಿಗೆ ಜಾಸ್ತಿ. ನಿದ್ದೆ ಸಾಲದ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಅಳುವುದಕ್ಕೆ ಶುರು ಮಾಡುತ್ತಾರೆ. ಶನಿವಾರ ಬೆಳಿಗ್ಗೆ ಐದೂವರೆ ಆರಕ್ಕೆ ರಾಯಚೂರು ಬಿಡಿ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡರೆ ದಾರಿಯ ತಿಂಡಿಯ ಚಿಂತೆಯೂ ಇಲ್ಲ. ಹನ್ನೊಂದಕ್ಕೆ ಹೈದರಾಬಾದ್.

ಮೈದುನ ಹೇಳಿದ ಕಾರಿನ ಬಗ್ಗೆ ಒಂದು ಮಾತು ಕೇಳಿ: ನಂಬರ್ ಪ್ಲೇಟ್ ಯಾವ ಬಣ್ಣ? ಬಿಳಿ ಆಗಿದ್ದರೆ ಬಾಡಿಗೆ ಕೊಟ್ಟು ಹೋಗಬೇಡಿ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಗಡಿ ದಾಟಿದ ಮೇಲೆ ತಪಾಸಣೆಯಲ್ಲಿ ಸಿಕ್ಕಿದರೆ ಗಾಡಿ ನಿಲ್ಲಿಸಿಕೊಳ್ಳಬಹುದು. ದೇವರು ದೊಡ್ಡವನು, ಆದರೂ ಅಪಘಾತವೇನಾದರೂ ಆದರೆ ಬಾಡಿಗೆಗೆ ಓಡಿಸುತ್ತಿದ್ದಿರಿ ಅಂತ ವಿಮೆ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಹಳದಿ ಬೋರ್ಡ್ ಆಗಿದ್ದರೆ ತೆಲಂಗಾಣಕ್ಕೆ ಪರ್ಮಿಟ್ ಇದೆಯಾ, ಡ್ರೈವರ್ ಬಾಟಾ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ, ಟೋಲ್ ಯಾರದು, ಇಷ್ಟನ್ನು ಮೊದಲೇ ಬಾಯಿಬಿಟ್ಟು ಕೇಳಿ. ಎರಡು ದಿನ ಗಾಡಿ ನಿಂತಲ್ಲೇ ನಿಂತಿದ್ದರೂ ಆ ಕನಿಷ್ಠ ಲೆಕ್ಕದ ದುಡ್ಡು ಬೀಳುತ್ತದೆ. ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನುವುದನ್ನೂ ಕೇಳಿ. ಸೀಟಿನಲ್ಲೇ ಮುದುಡಿ ಮಲಗಿದವರು ಮರುದಿನ ಕತ್ತಲಲ್ಲಿ ನಿಮ್ಮನ್ನು ಕರೆತರುವುದು ಅಪಾಯ. ಇವೆಲ್ಲ ಸರಿಯಿದ್ದರೆ ಕಾರು ಅತ್ತೆಯವರಿಗೆ ಬಸ್ಸಿಗಿಂತ ಹಾಯೆನಿಸಬಹುದು, ಬೇಕಾದಲ್ಲಿ ಇಳಿದು ಕಾಲು ಚಾಚಬಹುದು. ಖರ್ಚು ಮಾತ್ರ ಬಸ್ಸಿಗಿಂತ ಸಾಕಷ್ಟು ಜಾಸ್ತಿ. ಚಾರ್ಮಿನಾರ್ ಸುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ.

ರೂಮಿನ ವಿಚಾರದಲ್ಲಿ ಪಕ್ಕದ ಮನೆಯವರ ಮಾತು ಒಂದು ಕಡೆಗೆ ಮಾತ್ರ ನಿಜ. ಹೈಟೆಕ್ ಸಿಟಿ, ಗಚ್ಚಿಬೌಲಿ ಕಡೆಯ ಹೋಟೆಲ್‌ಗಳಿಗೆ ಕಂಪನಿ ಕೆಲಸದ ಮೇಲೆ ಬರುವವರೇ ಗಿರಾಕಿಗಳು. ಶುಕ್ರವಾರ ಅವರು ಹೊರಟುಹೋಗುತ್ತಾರೆ, ಶನಿವಾರ ಅಲ್ಲಿ ರೇಟು ಇಳಿಯುವುದುಂಟು. ಹಳೇ ಊರಿನ ಹತ್ತಿರ ಇದರ ತಿರುಗುಮುರುಗು. ಪ್ರವಾಸಿಗರು ಬರುವುದೇ ಶನಿವಾರ, ಮದುವೆ ಮುಹೂರ್ತ ಬಿದ್ದರಂತೂ ರೂಮೇ ಇರುವುದಿಲ್ಲ. ಅಗ್ಗ ಅಂತ ಗಚ್ಚಿಬೌಲಿಯಲ್ಲಿ ಉಳಿದರೆ ಚಾರ್ಮಿನಾರ್‌ಗೆ ಹೋಗಿಬರಲು ಟ್ಯಾಕ್ಸಿ ದುಡ್ಡೂ ಹೊತ್ತೂ ಎರಡೂ ಹೋಗುತ್ತವೆ. ನಿಮಗೆ ನಾಂಪಲ್ಲಿ, ಅಬಿಡ್ಸ್, ಲಕ್ಡಿಕಾಪುಲ್ ಕಡೆ ಸರಿ. ಬಸ್ ನಿಲ್ದಾಣದಲ್ಲೇ ಮೆಟ್ರೋ ಸ್ಟೇಷನ್ ಇದೆ. ಅಲ್ಲಿಂದ ಕೆಂಪು ಲೈನಿನಲ್ಲಿ ನಾಂಪಲ್ಲಿ ಮೂರನೇ ಸ್ಟೇಷನ್.

ಬುಕ್ ಮಾಡುವಾಗ ಮಕ್ಕಳ ವಯಸ್ಸು ಮುಚ್ಚಿಡಬೇಡಿ. ಐದು ಜನಕ್ಕೆ ಒಂದೇ ರೂಮು ಸಾಮಾನ್ಯವಾಗಿ ಕೊಡುವುದಿಲ್ಲ, ಅಲ್ಲಿ ಹೋದ ಮೇಲೆ ಎಕ್ಸ್‌ಟ್ರಾ ಬೆಡ್ ಅಂತ ಜಗಳ ಆಗುತ್ತದೆ. ಅಕ್ಕಪಕ್ಕದ ಎರಡು ರೂಮು ಕೇಳಿ. ಲಿಫ್ಟ್ ಇದೆಯಾ, ಬಾತ್‌ರೂಮಿನಲ್ಲಿ ವೆಸ್ಟರ್ನ್ ಕಮೋಡ್ ಇದೆಯಾ, ಇವೆರಡನ್ನು ಫೋನ್ ಮಾಡಿಯೇ ಕೇಳಬೇಕು. ಫೋಟೋ ನೋಡಿ ನಂಬಬೇಡಿ. ದೊಡ್ಡವರೆಲ್ಲರ ಆಧಾರ್ ಜೊತೆಗಿರಲಿ. ಮ್ಯಾಪ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದಾಗ ಕ್ಯೂಆರ್ ಕಳಿಸಿ ‘ಪೂರ್ತಿ ದುಡ್ಡು ಈಗಲೇ ಹಾಕಿ’ ಅಂದರೆ ಹಾಕಬೇಡಿ. ಹೋಟೆಲ್ ಹೆಸರಿನಲ್ಲಿ ಬೇರೆಯವರ ನಂಬರ್ ಹಾಕಿ ಮೋಸ ಮಾಡುವವರಿದ್ದಾರೆ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ರೂಮು ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ. ಎರಡು ದಿನ ಮುಂಚೆಯಷ್ಟೇ ತೀರ್ಮಾನಿಸಿ ಹೊರಟವರಿಗೆ ಜ್ವರ, ನೆಂಟರು, ಆಫೀಸು ಅಂತ ಏನಾದರೂ ಅಡ್ಡ ಬರುವುದು ಸಹಜ ಅಲ್ವಾ.

ಈಗ ಮಕ್ಕಳ ಪಟ್ಟಿಗೆ ಬರೋಣ. ಶನಿವಾರ ಹನ್ನೊಂದರಿಂದ ಭಾನುವಾರ ಮಧ್ಯಾಹ್ನ ಒಂದರವರೆಗೆ ನಿಮ್ಮ ಹೊತ್ತು. ಊಟ, ನಿದ್ದೆ, ಸ್ನಾನ, ಆಟೋ ಕಾಯುವುದು ಎಲ್ಲ ಕಳೆದರೆ ನೋಡಲು ಸಿಗುವುದು ಹತ್ತು ಗಂಟೆ, ಹೆಚ್ಚೆಂದರೆ. ರಾಮೋಜಿಗೆ ಒಂದಕ್ಕೇ ಇಡೀ ದಿನ ಬೇಕು. ಅದು ವಿಜಯವಾಡ ಹೆದ್ದಾರಿಯಲ್ಲಿ, ಊರಿನಿಂದ ಸುಮಾರು 30 ಕಿಲೋಮೀಟರ್ ಆಚೆ. ಟಿಕೆಟ್ ಒಬ್ಬರಿಗೆ ಸಾವಿರ ರೂಪಾಯಿಗೂ ಜಾಸ್ತಿ, ಒಳಗೆ ಓಡಾಟವೂ ಜಾಸ್ತಿ. ಮಧ್ಯಾಹ್ನ ಹೋಗಿ ಎರಡು ಗಂಟೆ ನೋಡಿ ಬಂದರೆ ಕೊಟ್ಟ ದುಡ್ಡಿಗೆ ಏನೂ ನೋಡಿದ ಹಾಗಾಗುವುದಿಲ್ಲ. ಮಕ್ಕಳಿಗೆ ರಾಮೋಜಿಯೇ ಬೇಕೆಂದರೆ ಇನ್ನೊಮ್ಮೆ ಅದಕ್ಕೆಂದೇ ಹೋಗಿ. ಆಗ ದಿಲ್‌ಸುಖ್‌ನಗರ, ಎಲ್‌ಬಿ ನಗರ ಕಡೆ ಉಳಿಯಿರಿ. ಈ ಸಲ ಬಿಡಿ.

ಶನಿವಾರ ಊಟ ಮುಗಿಸಿ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಅದಕ್ಕೆ ರಜೆ ಶುಕ್ರವಾರ, ಶನಿವಾರ ಭಾನುವಾರ ತೆರೆದಿರುತ್ತದೆ. ಸಂಜೆ ಐದಕ್ಕೆ ಮುಚ್ಚುತ್ತಾರೆ. ಇಡೀ ಮ್ಯೂಸಿಯಂ ನೋಡುವ ಹಟ ಬೇಡ. ಅಲ್ಲೊಂದು ದೊಡ್ಡ ಗಡಿಯಾರ ಇದೆ. ಗಂಟೆ ಆಗುವ ಮೂರು ನಿಮಿಷ ಮುಂಚೆ ಒಳಗಿನಿಂದ ಗಡ್ಡದ ಪುಟ್ಟ ಬೊಂಬೆಯೊಂದು ಹೊರಗೆ ಬರುತ್ತದೆ. ಜಾಗಟೆಯ ಮುಂದೆ ನಿಂತು, ಎಷ್ಟು ಗಂಟೆಯೋ ಅಷ್ಟು ಸಲ ಬಾರಿಸಿ ಒಳಗೆ ಹೋಗುತ್ತದೆ. ಅದರ ಮುಂದೆ ಜನ ಕೂತು ಕಾಯುತ್ತಾರೆ. ನೀವು ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಹೋಗಿ ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಅತ್ತೆಯವರಿಗೂ ಅಲ್ಲಿ ವಿಶ್ರಾಂತಿ. ಆಮೇಲೆ ಮುಸುಕಿನ ರೆಬೆಕ್ಕಾ ಅನ್ನುವ ಅಮೃತಶಿಲೆಯ ಮೂರ್ತಿ ತೋರಿಸಿ. ಇಟಲಿಯ ಬೆಂಜೋನಿ ಕೆತ್ತಿದ್ದು. ಕಲ್ಲಿನಲ್ಲೇ ತೆಳು ಬಟ್ಟೆಯ ಮುಸುಕು, ಅದರೊಳಗೆ ಮುಖ ಕಾಣುತ್ತದೆ. ನಿಮ್ಮ ಮಗ ಮುಟ್ಟಿ ನೋಡಬೇಕು ಅಂತಾನೆ, ಹಿಡಿದುಕೊಳ್ಳಿ. ವೀಲ್‌ಚೇರ್ ಸಿಗುತ್ತದಾ ಅಂತ ಬಾಗಿಲಲ್ಲೇ ಕೇಳಿ, ಸಂಕೋಚ ಬೇಡ.

ಅಲ್ಲಿಂದ ಚಾರ್ಮಿನಾರ್‌ಗೆ ಆಟೋ. ಮೆಟ್ರೋ ಅಲ್ಲಿಗೆ ಹೋಗುವುದಿಲ್ಲ. 1591ರ ಕಟ್ಟಡ, ಮೇಲೆ ಹತ್ತುವ ಮೆಟ್ಟಿಲು ಕಡಿದು, ಇಕ್ಕಟ್ಟು. ಸಂಜೆ ಹೊತ್ತಿಗೆ ಮೇಲೆ ಬಿಡುವುದೂ ಇಲ್ಲ. ಕೆಳಗೆ ನಿಂತು ನೋಡಿದರೆ ಸಾಕು. ಪಕ್ಕದ ಲಾಡ್ ಬಜಾರ್‌ನಲ್ಲಿ ಬಳೆ ಅಂಗಡಿಗಳಿಗೆ ದೀಪ ಹತ್ತಿದ ಮೇಲೆ ನೋಟವೇ ಬೇರೆ. ಹೇಳಿದ ರೇಟಿಗೆ ಒಪ್ಪಬೇಡಿ, ಚೌಕಾಸಿ ಮಾಡಬೇಕಾದ ಜಾಗ ಅದು. ಮಕ್ಕಳ ಕೈ ಬಿಡಬೇಡಿ, ಜನಜಂಗುಳಿ ವಿಪರೀತ. ನಿಮ್ಮ ಫೋನ್ ನಂಬರ್ ಬರೆದ ಚೀಟಿ ಮಗಳ ಜೇಬಿನಲ್ಲಿಡಿ.

ಭಾನುವಾರ ಬೆಳಿಗ್ಗೆ ಗೋಲ್ಕೊಂಡ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಬಿಸಿಲು ಏರಿದ ಮೇಲೆ ಹತ್ತುವುದು ಕಷ್ಟ. ಫತೇಹ್ ದರ್ವಾಜಾ ಹತ್ತಿರ ಚಪ್ಪಾಳೆ ಹೊಡೆದರೆ ಗುಡ್ಡದ ತುದಿಯ ಬಾಲಾ ಹಿಸಾರ್‌ನಲ್ಲಿ ಕೇಳುತ್ತದೆ. ಮಕ್ಕಳಿಗೆ ಬೇರೇನೂ ನೆನಪಿರದಿದ್ದರೂ ಇದು ನೆನಪಿರುತ್ತದೆ. ಆದರೆ ತುದಿಗೆ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು, ಎತ್ತರ ತಗ್ಗು ಒಂದೇ ಸಮ ಇಲ್ಲ. ಅತ್ತೆಯವರನ್ನು ಹತ್ತಿಸಬೇಡಿ. ‘ನಿಧಾನಕ್ಕೆ ಹತ್ತುತ್ತೇನೆ’ ಅಂತ ಅವರೇ ಅನ್ನಬಹುದು. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ. ನಿಮ್ಮಿಬ್ಬರಲ್ಲಿ ಒಬ್ಬರು ಮಕ್ಕಳ ಜೊತೆ ಹತ್ತಿ, ಇನ್ನೊಬ್ಬರು ಅತ್ತೆಯವರನ್ನು ಹತ್ತಿರದ ಕುತುಬ್ ಶಾಹಿ ಗೋರಿಗಳ ತೋಟಕ್ಕೆ ಆಟೋದಲ್ಲಿ ಕರೆದೊಯ್ಯಿರಿ. ಅಲ್ಲಿ ನೆಲ ಹೆಚ್ಚು ಕಡಿಮೆ ಸಮತಟ್ಟು, ಗಿಡಮರ ಇವೆ, ಕೂರಲು ಜಾಗ ಇದೆ. ನನ್ನನ್ನು ಕೇಳಿದರೆ ಕೋಟೆಗಿಂತ ಅದೇ ಚೆಂದ.

ಮಗಳು ಚಿಕ್ಕವಳು, ಕೋಟೆ ಬೇಡ, ಪ್ರಾಣಿ ನೋಡಬೇಕು ಅಂದರೆ ಗೋಲ್ಕೊಂಡದ ಬದಲು ಜೂಗೆ ಹೋಗಿ. ಎರಡೂ ಬೇಡ. ಜೂಗೆ ಸೋಮವಾರ ರಜೆ, ಭಾನುವಾರ ತೆರೆದಿರುತ್ತದೆ, ಜನ ಜಾಸ್ತಿ. ಹುಸೇನ್ ಸಾಗರ ಶನಿವಾರ ರಾತ್ರಿ ಊಟದ ನಂತರ ಎಲ್ಲರಿಗೂ ಶಕ್ತಿ ಉಳಿದಿದ್ದರೆ ಮಾತ್ರ. ಲಕ್ಡಿಕಾಪುಲ್ ಕಡೆ ಉಳಿದರೆ ಅದು ಹತ್ತಿರ.

ಭಾನುವಾರ ರೂಮು ಖಾಲಿ ಮಾಡಿದ ಮೇಲೆ ಬ್ಯಾಗುಗಳನ್ನು ಹೋಟೆಲ್‌ನಲ್ಲೇ ಇಟ್ಟು ಹೋಗಿ, ಕೇಳಿದರೆ ಇಟ್ಟುಕೊಳ್ಳುತ್ತಾರೆ. ಬಸ್ಸಿಗೆ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಅದು ಬಹಳ ದೊಡ್ಡದು, ನಿಮ್ಮ ಪ್ಲಾಟ್‌ಫಾರ್ಮ್ ಹುಡುಕಲು ಹೊತ್ತು ಹಿಡಿಯುತ್ತದೆ. ಮಳೆಗಾಲವಾದರೆ ಹೊರಡುವ ಮುಂಚೆ ಒಮ್ಮೆ ವಿಚಾರಿಸಿ. ನಿಲ್ದಾಣ ಮೂಸಿ ನದಿಯ ದಡದಲ್ಲೇ ಇದೆ, 2025ರ ಸೆಪ್ಟೆಂಬರ್‌ನಲ್ಲಿ ಹೊಳೆ ಉಕ್ಕಿ ಒಳಗೇ ನೀರು ನುಗ್ಗಿತ್ತು.

ಸೀಟು ಆರಿಸುವಾಗ ಅತ್ತೆಯವರಿಗೆ ಮುಂದಿನ ಎರಡು ಮೂರು ಸಾಲಿನಲ್ಲಿ ದಾರಿ ಬದಿಯ ಸೀಟು ಹಿಡಿಯಿರಿ, ಕಾಲು ಚಾಚಲು ಆಗುತ್ತದೆ. ಹಿಂದಿನ ಚಕ್ರದ ಮೇಲಿನ ಸೀಟು ಕುಲುಕುತ್ತದೆ, ಅದು ಬೇಡ. ಮಹಬೂಬ್‌ನಗರದಲ್ಲಿ ಬಸ್ ನಿಂತಾಗ ಅವರನ್ನು ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಇಳಿಯುವ ಮುಂಚೆ ಎಷ್ಟು ನಿಮಿಷ ನಿಲ್ಲುತ್ತೆ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ.